ಚುಕ್ಕೆ ಇಡುವ ಕೆಲಸ

ಇವತ್ತು ಮಾಡಿದ ಕೆಲಸಗಳು ಇವು. ಐದೂಕಾಲಿಗೆ ಎದ್ದು ಬಾಗಿಲಿಗೆ ನೀರು ಹಾಕಿದೆ, ನಾಲ್ಕೆಳೆ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ಎರಡು ಸೇರು ಅವರೆಕಾಳು ನೆನೆಹಾಕಿದೆ. ಅಪ್ಪನ ಕೋಣೆಯ ಮಂಚಕ್ಕೆ ಒಗೆದ ಹೊದಿಕೆ ಹಾಸಿ, ಕಿಟಕಿಯ ಕೊಂಡಿಗೆ ಒಂದು ಹನಿ ಎಣ್ಣೆ ಬಿಟ್ಟೆ. ಕಾಲೇಜಿಗೆ ಹೋಗಿ, ಮಾತನಾಡಲು ಬಂದಿದ್ದ ಸುಧಾಮಣಿಯನ್ನು ನನ್ನ ವಿದ್ಯಾರ್ಥಿಗಳಿಗೆ ಪರಿಚಯ ಮಾಡಿಕೊಟ್ಟೆ. ಕೊನೆಯಲ್ಲಿ ವಂದನಾರ್ಪಣೆಯನ್ನೂ ನಾನೇ ಮಾಡಿದೆ. ಅವಳನ್ನು ಆಟೋದಲ್ಲಿ ಮನೆಗೆ ಕರೆತಂದೆ. ಒಣಗಿದ ಬಟ್ಟೆ ಮಡಚಿದೆ. ನಲವತ್ತು ವರ್ಷ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತನ್ನು ಹೇಳಿದೆ. ಸಾರಿಗೆ ಒಗ್ಗರಣೆ ಹಾಕಿದೆ.

ನಾನು ಹುಟ್ಟಿ ಬೆಳೆದ ಮನೆಯಲ್ಲೇ ಈಗಲೂ ಇದ್ದೇನೆ, ಗಂಡನ ಜೊತೆ. ಒಂಟಿಕೊಪ್ಪಲಿನ ಹಿಂದಿನ ಬೀದಿ. ಎರಡು ತಿರುವು ದಾಟಿದರೆ ಗೋಕುಲಂ, ಅಲ್ಲಿ ಈಗ ಯೋಗ ಕಲಿಯಲು ಬಂದವರು ಚಾಪೆ ಹೆಗಲಿಗೆ ಹಾಕಿಕೊಂಡು ಎಳನೀರು ಕುಡಿಯುತ್ತಿರುತ್ತಾರೆ. ಮನೆಯಲ್ಲಿ ನಾಲ್ಕು ಕೋಣೆ. ಅವುಗಳಲ್ಲಿ ನಡುಮನೆಯ ಪೂರ್ವದ ಗೋಡೆ ಅಪ್ಪನದು. ಅಪ್ಪ ಕಲಾಶಾಲೆಯಲ್ಲಿ ಚಿತ್ರಕಲೆಯ ಇತಿಹಾಸ ಹೇಳಿಕೊಡುತ್ತಿದ್ದರು. ಪಾಠಕ್ಕೆ ಬೇಕಾದ ಸ್ಲೈಡುಗಳನ್ನು ಮನೆಯಲ್ಲಿ ಒಮ್ಮೆ ಹಾಕಿ ನೋಡದೆ ತರಗತಿಗೆ ಹೋಗುತ್ತಿರಲಿಲ್ಲ. ಅದಕ್ಕಾಗಿ ಆ ಗೋಡೆಗೆ ಪ್ರತಿವರ್ಷ ಅವರೇ ಸುಣ್ಣ ಬಳಿಯುತ್ತಿದ್ದರು. ಕ್ಯಾಲೆಂಡರ್ ಇಲ್ಲ, ಮೊಳೆ ಇಲ್ಲ, ದೇವರ ಪಟವೂ ಇಲ್ಲ. ನಮ್ಮ ಮನೆಯ ಜಗಳಗಳಲ್ಲಿ ಅರ್ಧ ಆ ಗೋಡೆಯವು. ಅಮ್ಮನಿಗೆ ತನ್ನ ತವರಿನವರ ಫೋಟೋ ಹಾಕಲು ಜಾಗ ಬೇಕಿತ್ತು.

"ಇಷ್ಟುದ್ದ ಗೋಡೆ, ಒಂದು ಮೊಳೆ ಹೊಡೆಯೋ ಹಾಗಿಲ್ಲ. ನಮ್ಮಪ್ಪನ್ನ ಎಲ್ಲಿಗೆ ಹಾಕ್ಲಿ, ಬಚ್ಚಲಿಗಾ?"

"ಹಾಕು. ಬಿಸಿನೀರಾದ್ರೂ ಸಿಗುತ್ತೆ ಅವ್ರಿಗೆ."

ಹೀಗೆ ಹೇಳಿ ಅಪ್ಪ ಎರಡು ದಿನ ಸಪ್ಪೆ ಸಾರು ಉಂಡದ್ದುಂಟು.

ಶನಿವಾರ ಸಂಜೆ ಅಪ್ಪ ಕಾಲೇಜಿನ ಪ್ರೊಜೆಕ್ಟರನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಕೂಸನ್ನು ಕರೆತರುವ ಹಾಗೆ ತಳ್ಳಿಕೊಂಡೇ ಬರುತ್ತಿದ್ದರು. ಭಾನುವಾರ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿದರೆ ನಡುಮನೆ ಕತ್ತಲಾಗುತ್ತಿತ್ತು. ಒಂದೊಂದೇ ಸ್ಲೈಡನ್ನು ಕೈಯಿಂದ ತಳ್ಳಿ ಎಳೆಯುವ ಯಂತ್ರ ಅದು. ಗೋಡೆಯ ಮೇಲೆ ಇಟಲಿಯ ಇಗರ್ಜಿಗಳು, ಹಾಲೆಂಡಿನ ಕಿಟಕಿಗಳು, ಬತ್ತಲೆ ಹೆಂಗಸರು ಬಂದು ಹೋಗುತ್ತಿದ್ದರು. ಅಪ್ಪನ ಅಮ್ಮ, ಅಂದರೆ ನಮ್ಮಜ್ಜಿ, ವಿಭೂತಿ ಹಚ್ಚಿದ ಹಣೆಯನ್ನು ಗೋಡೆಯ ಕಡೆಗಿಟ್ಟು, ಕೈಯನ್ನು ಮೊರದಲ್ಲಿಟ್ಟು, ಕತ್ತಲಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಬತ್ತಲೆಯವರು ಬಂದಾಗ ಮಾತ್ರ, "ಪಾಪ, ಚಳಿ ಅಲ್ವಾ ಅವ್ರ ದೇಸದಲ್ಲಿ," ಅನ್ನುತ್ತಿದ್ದಳು. ಅಪ್ಪ ಪಾಠ ಮಾಡುತ್ತಿದ್ದುದು ಒಂದು ದಪ್ಪ ಪುಸ್ತಕದಿಂದ. ಹೆಸರು ಪ್ರಪಂಚದ ಕಲೆ ಅಂತ. ಯುರೋಪಿನ ಭಾಗ ನನ್ನ ಮುಷ್ಟಿಯಷ್ಟು ದಪ್ಪ, ನಾವು, ಚೀನಾ, ಆಫ್ರಿಕಾ ಎಲ್ಲ ಸೇರಿದ ಭಾಗ ಕಿರುಬೆರಳಿನ ಉಗುರಿನಷ್ಟು. ನಾನು ಅಳೆದು ನೋಡಿದ್ದೆ. ಅದು ಅನ್ಯಾಯವೆಂದು ನನಗೆ ತೋರಿರಲಿಲ್ಲ. ಪುಸ್ತಕ ಅಂದರೆ ಹಾಗೆ ಅಂದುಕೊಂಡಿದ್ದೆ.

ಈ ಎಲ್ಲದರಲ್ಲಿ ನನ್ನದೊಂದು ಕೆಲಸವಿತ್ತು. ಸ್ಲೈಡಿಗೆ ಎರಡು ಮುಖ, ಒಂದು ಹೊಳೆಯುವುದು, ಒಂದು ಮಬ್ಬು. ಹೊಳೆಯುವ ಮುಖ ನಮ್ಮ ಕಡೆಗಿರುವಂತೆ ಬೆಳಕಿಗೆ ಹಿಡಿದು, ಚಿತ್ರ ನೆಟ್ಟಗೆ ಕಂಡಾಗ, ಚೌಕಟ್ಟಿನ ಎಡ ಕೆಳಮೂಲೆಗೆ ಉಗುರುಬಣ್ಣದಿಂದ ಒಂದು ಚುಕ್ಕೆ ಇಡಬೇಕು. ಯಂತ್ರಕ್ಕೆ ಹಾಕುವಾಗ ಸ್ಲೈಡನ್ನು ತಲೆಕೆಳಗು ಮಾಡುತ್ತಾರೆ, ಆಗ ಚುಕ್ಕೆ ಬಲಗೈ ಹೆಬ್ಬೆರಳಿನ ಅಡಿಗೆ ಬರುತ್ತದೆ. ಉಗುರುಬಣ್ಣವೇ ಯಾಕೆಂದರೆ ಒಣಗಿದ ಮೇಲೆ ಅದು ಸಾಸಿವೆ ಕಾಳಿನಂತೆ ಉಬ್ಬಿ ನಿಲ್ಲುತ್ತದೆ, ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಚುಕ್ಕೆ ಸರಿಯಿದ್ದರೆ ಎಡ ಎಡವೇ, ಬಲ ಬಲವೇ. ಅಪ್ಪ ಅದಕ್ಕೆಂದೇ ಕಡುಗೆಂಪು ಬಣ್ಣದ ಒಂದು ಬಾಟಲಿ ತಂದಿಟ್ಟಿದ್ದರು. ಎಂಟನೇ ವಯಸ್ಸಿನಿಂದ ನಾನು ಚುಕ್ಕೆ ಇಟ್ಟೆ, ಒಂದೂ ತಪ್ಪಲಿಲ್ಲ. ಅಪ್ಪನ ಪಕ್ಕದ ಮೋಟು ಸ್ಟೂಲು ನನ್ನದು. ಕತ್ತಲಲ್ಲಿ ಕೈ ಚಾಚುತ್ತಿದ್ದರು, ನಾನು ಸ್ಲೈಡು ಕೊಡುತ್ತಿದ್ದೆ. ಮಾತೇ ಬೇಕಿರಲಿಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ ಸುಧಾಮಣಿ ಬಂದಳು. ಅಪ್ಪನ ವಿದ್ಯಾರ್ಥಿನಿ, ಹೂಟಗಳ್ಳಿಯ ಬೇಸಾಯಗಾರರ ಮನೆಯ ಹುಡುಗಿ. ಅವಳ ಅಪ್ಪ ಹೊಲದ ಒಂದು ಭಾಗ ಫ್ಯಾಕ್ಟರಿಗೆ ಹೋದ ಮೇಲೆ ಅದೇ ಫ್ಯಾಕ್ಟರಿಯ ಗೇಟಿನಲ್ಲಿ ಕೆಲಸಕ್ಕಿದ್ದರು. ಅವಳು ಕಾಲಿಡುವ ಮೊದಲೇ ಅವಳ ಸುದ್ದಿ ನಮ್ಮ ಮನೆಗೆ ಬಂದಿತ್ತು. ಒಂದು ಸಂಜೆ ಅಪ್ಪ ರೊಟ್ಟಿ ಮುರಿಯುವುದನ್ನೂ ಮರೆತು ಹೇಳಿದರು:

"ಇವತ್ತು ತರಗತೀಲಿ ಒಂದು ಹುಡುಗಿ ಎದ್ದು ನಿಂತ್ಕೊಂಡ್ಲು. ಸಾರ್, ನಮ್ಮನೇಲಿ ಗಾಜಿನ ಹಿಂದೆ ಬರೆದಿರೋ ಪಟ ಇದೆ, ಅದನ್ನ ಬರೆಯೋರು ಮೂಗುಬೊಟ್ಟು ಮೊದ್ಲು ಬರೀತಾರೆ, ಮುಖ ಆಮೇಲೆ ಬರೀತಾರೆ, ಎಡಗೈನ ಬಲಕ್ಕೆ ಬರೀತಾರೆ. ಇದು ಯಾವ ಅಧ್ಯಾಯದಲ್ಲಿ ಬರುತ್ತೆ ಸಾರ್, ಅಂದ್ಲು."

"ನೀವೇನಂದ್ರಿ?" ಅಮ್ಮ ಕೇಳಿದಳು.

"ನಂಗೊತ್ತಿಲ್ಲಮ್ಮ ಅಂದೆ."

ಅಪ್ಪ ಗೊತ್ತಿಲ್ಲ ಅನ್ನುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದನ್ನು ಅಷ್ಟು ಸಂತೋಷದಿಂದ ಅನ್ನಬಹುದೆಂದೂ ಗೊತ್ತಿರಲಿಲ್ಲ. ನನ್ನ ಪ್ರಶ್ನೆಗಳಿಗೆಲ್ಲ ಅಪ್ಪನ ಬಳಿ ಉತ್ತರವಿತ್ತು, ಅದಕ್ಕೇ ನನ್ನ ಪ್ರಶ್ನೆಗಳು ಸಣ್ಣವು ಅಂತ ಆವತ್ತು ತಿಳಿಯಿತು.

ಅವಳು ಸೈಕಲ್ಲಿನಲ್ಲಿ, ಹ್ಯಾಂಡಲ್ಲಿಗೆ ಒಂದು ಚೀಲ ಅವರೆಕಾಯಿ ನೇತುಹಾಕಿಕೊಂಡು ಬಂದಳು. ಅಜ್ಜಿ ಒಂದು ಕಾಯಿ ಮೂಸಿ ನೋಡಿ, "ಸೊಗಡು ಅಂದ್ರೆ ಇದು. ಮಾರ್ಕೆಟ್ಟಿನವು ಬರೀ ಹುಲ್ಲು," ಅಂದಳು. ಅಜ್ಜಿಯೂ ಹೋದಳು ಅವಳ ಕಡೆಗೆ. ಅವಳ ಮಾತು ಅಜ್ಜಿಯ ಮಾತಿನಂತೆಯೇ ಇತ್ತು. "ಎಂಗಿದ್ದೀರಜ್ಜಿ, ಮಂಡಿ ನೋವು ಕಮ್ಮಿಯಾಯ್ತಾ? ಉಪ್ಪು ಉರಿದು ಬಟ್ಟೇಲಿ ಕಟ್ಟಿ ಕಾವು ಕೊಡ್ಬೇಕು, ತಡೀರಿ ನಾನೇ ಮಾಡ್ತೀನಿ," ಎಂದು ನೇರ ಅಡುಗೆಮನೆಗೆ ನಡೆದಳು. ಆಮೇಲೆ ಪ್ರತಿ ಭಾನುವಾರ ಬಂದಳು. ಅಮ್ಮ ಅಕ್ಕಿರೊಟ್ಟಿಯ ಗರಿಗರಿ ಅಂಚನ್ನು ಅವಳ ತಟ್ಟೆಗೆ ಹಾಕಲು ಶುರುಮಾಡಿದಳು. ಅಂಚು ನನ್ನದಾಗಿತ್ತು. ನನಗೆ ಮುಟ್ಟಲು ಬಿಡದಿದ್ದ ಕ್ಯಾಮೆರಾವನ್ನು ಅಪ್ಪ ಅವಳ ಕೊರಳಿಗೆ ಹಾಕಿ ಕಳಿಸಿದರು. ತನ್ನ ಮನೆಯ, ನೆಂಟರ ಮನೆಗಳ ಗಾಜಿನ ಪಟಗಳನ್ನೆಲ್ಲ ಅವಳು ಸ್ಲೈಡು ಮಾಡಿಸಿ ತಂದಳು. ಒಂದು ದಿನ ಅಪ್ಪ, ನನ್ನ ಮುಖ ನೋಡದೆ, ಬಾಟಲಿಯನ್ನು ಅವಳ ಕಡೆ ಸರಿಸಿದರು.

"ಪುಟ್ಟಿ, ಇನ್ಮೇಲೆ ಚುಕ್ಕೆ ಸುಧಾ ಇಡ್ತಾಳೆ ಬಿಡು. ನಿಂಗೆ ಪರೀಕ್ಷೆ ಬಂತಲ್ಲ."

ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಅವಳು ಸ್ಟೂಲಿನ ಮೇಲೆ ಕೂತಳು. ನಾನು ಅಜ್ಜಿಯ ಮೊರದ ಪಕ್ಕ ಕೂತು ಕಾಯಿ ಸುಲಿದೆ. ಕತ್ತಲಲ್ಲಿ ಅಪ್ಪ ಕೈ ಚಾಚುವುದು ಕಾಣುತ್ತಿತ್ತು.

ಆ ಚಳಿಗಾಲ ಅವಳಿಗೆ ಒಂದು ದೊಡ್ಡ ಭಾನುವಾರ ಬಂತು. ಕೊನೆಯ ವರ್ಷದವರು ಒಂದು ಪ್ರಬಂಧ ಬರೆಯಬೇಕು. ಎಲ್ಲರೂ ದಪ್ಪ ಪುಸ್ತಕದ ಮುಷ್ಟಿಯ ಭಾಗದಿಂದ ವಿಷಯ ಆರಿಸಿಕೊಂಡಿದ್ದರೆ, ಇವಳು ಗಾಜಿನ ಪಟಗಳ ಮೇಲೆ ಬರೆಯುತ್ತೇನೆ ಅಂದಳು. ವಿಭಾಗದ ಮುಖ್ಯಸ್ಥರು ಒಪ್ಪಬೇಕಿತ್ತು. ಅವರಿಗೆ ಅದು ಕಲೆಯಲ್ಲ, ಕಸುಬು. ಅಪ್ಪ ಹೇಗೋ ಒಲಿಸಿ, ನಮ್ಮ ಮನೆಗೆ ಊಟಕ್ಕೆ ಕರೆದು, ಸ್ಲೈಡು ತೋರಿಸುವುದೆಂದು ಗೊತ್ತು ಮಾಡಿದರು. ಶನಿವಾರವೇ ಅವಳು ಬಂದು ಚುಕ್ಕೆ ಇಟ್ಟು, ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಹೋದಳು. ಭಾನುವಾರ ಬೆಳಿಗ್ಗೆ ಅಮ್ಮ ಹೋಳಿಗೆಗೆ ಕಣಕ ನಾದುತ್ತಿದ್ದಳು, ಅಪ್ಪ ಬಾಳೆಲೆ ತರಲು ಹೋಗಿದ್ದರು, ಅಜ್ಜಿ ಪೂಜೆಗೆ ಕೂತಿದ್ದಳು. ಅಪ್ಪನ ಬಾಟಲಿ ಸುಧಾಮಣಿಯ ಚೀಲದಲ್ಲಿ ಉಳಿದಿತ್ತು. ನಾನು ಪಕ್ಕದ ಮನೆಯ ಜಯಕ್ಕನ ಹತ್ತಿರ ಹೋಗಿ ಉಗುರುಬಣ್ಣ ಕೇಳಿ ತಂದೆ, ಗುಲಾಬಿ ಬಣ್ಣದ್ದು. ಬ್ಲೇಡಿನಿಂದ ಸುಧಾಮಣಿ ಇಟ್ಟಿದ್ದ ಚುಕ್ಕೆ ಕೆರೆದೆ. ಸ್ಲೈಡನ್ನು ಮಗುಚಿ, ಮಬ್ಬು ಮುಖದ ಮೇಲೆ, ಅದೇ ಎಡ ಕೆಳಮೂಲೆಗೆ ಹೊಸ ಚುಕ್ಕೆ ಇಟ್ಟೆ. ಐದು ಸ್ಲೈಡು ಮಾಡುವಷ್ಟರಲ್ಲಿ ಅಪ್ಪನ ಸೈಕಲ್ಲಿನ ಸದ್ದಾಯಿತು. ಮೂರು ವರ್ಷ ಒಂದೂ ತಪ್ಪದ ಕೈ ಅದು. ಆವತ್ತೂ ಅಳತೆ ತಪ್ಪಲಿಲ್ಲ.

ಮುಖ್ಯಸ್ಥರು ಆರು ಹೋಳಿಗೆ ಉಂಡರು. ಕಿಟಕಿಗಳಿಗೆ ಕಂಬಳಿ ಕಟ್ಟಿದ ಮೇಲೆ ಅಪ್ಪ ನಾಲ್ಕು ಮಾತು ಹೇಳಿದರು. ಸುಧಾಮಣಿ ಪೆಟ್ಟಿಗೆಯಿಂದ ಮೊದಲನೆಯದನ್ನು ತೆಗೆದು, ಹೆಬ್ಬೆರಳಿನಲ್ಲಿ ಚುಕ್ಕೆ ಮುಟ್ಟಿ ನೋಡಿ, ಯಂತ್ರಕ್ಕೆ ತಳ್ಳಿದಳು. ಗೋಡೆಯ ಮೇಲೆ ಶಿವ ಪಾರ್ವತಿ ಬಂದರು. ಸುಧಾಮಣಿಯ ಅಜ್ಜಿಗೆ ಮದುವೆಯಲ್ಲಿ ಬಂದಿದ್ದ ಪಟವಂತೆ. ಹಸಿರು ಗಾಜಿನ ಹಾಗೆ ಹೊಳೆಯುವ ಹಿನ್ನೆಲೆ, ಪಾರ್ವತಿಯ ಸೀರೆಗೆ ಬೇಗಡೆ ಕಾಗದ. ಮುಖ್ಯಸ್ಥರು ತಲೆಯಾಡಿಸಿದರು. ಅವರಿಗೆ ಏನೂ ಕಾಣಲಿಲ್ಲ, ಅಪ್ಪನಿಗೂ ಕಾಣಲಿಲ್ಲ. ಇತಿಹಾಸ ಓದಿದ ಇಬ್ಬರೂ ಸುಮ್ಮನೆ ನೋಡುತ್ತಿದ್ದಾಗ ಮೊರದ ಕಡೆಯಿಂದ ಅಜ್ಜಿಯ ದನಿ ಬಂತು.

"ಇದೇನವ್ವ, ಪಾರ್ವತಮ್ಮ ಬಲಗಡೆ ಬಂದು ಕೂತವ್ಳೆ? ಇನ್ನೂ ತಾಳಿ ಕಟ್ಟಿಲ್ವಾ ಶಿವಪ್ಪ?"

ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಜ್ಜಿ ನಿಲ್ಲಿಸಲಿಲ್ಲ. "ಎಡಗೈಲಿ ಅಭಯ ಕೊಡ್ತಾ ಅವ್ನೆ. ಎಡಗೈಲಿ ಕೊಟ್ಟುದ್ದು ನಿಂತಾದಾ?"

ಮುಖ್ಯಸ್ಥರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೊಟ್ಟೆ ತುಂಬಿದ ಸಮಾಧಾನವಿತ್ತು. "ನೋಡಿ, ನಾನು ಹೇಳ್ತಿದ್ದಿದ್ದು ಇದೇ. ಗಾಜಿನ ಹಿಂದೆ ಬರೆಯೋವಾಗ ಇವರಿಗೆ ಎಡ ಬಲ ಗೊಂದಲ ಆಗ್ಬುಡುತ್ತೆ. ಬರೆದವನಿಗೇ ಗೊತ್ತಿಲ್ಲ ಏನು ಬರೆದೆ ಅಂತ. ಇದರ ಮೇಲೆ ಏನು ಇತಿಹಾಸ ಬರೀತೀಯಮ್ಮ?"

ಅವಳು ಎದ್ದು ನಿಂತಳು. ಸ್ಲೈಡನ್ನು ಹೊರಗೆಳೆದು, ಬೆಳಕಿನ ಕಿಂಡಿಗೆ ಹಿಡಿದು, ತಿರುಗಿಸಿ ಹಾಕಿದಳು. ಪಾರ್ವತಿ ಶಿವನ ಎಡಕ್ಕೆ ಬಂದಳು. ಶಿವನ ಬಲಗೈ ಮೇಲೆದ್ದಿತು. "ಈಗ ಸರಿ ನೋಡು," ಎಂದಳು ಅಜ್ಜಿ.

"ಬರೆದೋರು ತಪ್ಪಿಲ್ಲ ಸಾರ್," ಸುಧಾಮಣಿ ಹೇಳಿದಳು. "ತಪ್ಪು ನಂದು. ಚುಕ್ಕೆ ನಾನೇ ತಪ್ಪಿಟ್ಟಿದ್ದೀನಿ."

ಎರಡನೆಯದೂ ಹಾಗೇ ಬಂತು, ಮೂರನೆಯದೂ. ಐದು ಸಲ ಅವಳು ಎಳೆದಳು, ತಿರುಗಿಸಿದಳು, ಐದು ಸಲವೂ ಅದೇ ದನಿಯಲ್ಲಿ "ತಪ್ಪು ನಂದು ಸಾರ್" ಅಂದಳು. ಒಂದು ಸಲವೂ ಪಟ ಬರೆದವರ ಮೇಲೆ ಬೀಳಗೊಡಲಿಲ್ಲ. ಅವಳು ಅಳಬೇಕೆಂದು ನಾನು ಕಾಯುತ್ತಿದ್ದೆ. ಅಳಲಿಲ್ಲ. ಉಳಿದವೆಲ್ಲ ಸರಿಯಾಗಿಯೇ ಬಂದವು, ಆದರೆ ಅಷ್ಟರಲ್ಲಿ ಮುಖ್ಯಸ್ಥರು ಗಡಿಯಾರ ನೋಡುತ್ತಿದ್ದರು.

"ಎಡ ಬಲ ನೋಡದೋಳು ಇನ್ನೊಬ್ಬರ ಎಡ ಬಲ ಏನು ನೋಡ್ತೀಯಾ. ಪುಸ್ತಕ ಇರೋ ವಿಷಯ ತಗೋ. ನಿಂಗೂ ಸುಲಭ, ನಮಗೂ ಸುಲಭ."

ಅವಳು ಆ ವರ್ಷ, ಎಂದೂ ನೋಡದ ಇಟಲಿಯ ಇಗರ್ಜಿಯೊಂದರ ಗೋಡೆಯ ಬಗ್ಗೆ ಬರೆದಳು. ನನಗೆ ಬೇಕಾದದ್ದು ಆಯಿತು ಅಂದುಕೊಂಡೆ. ಅಪ್ಪ ಯಾರನ್ನೂ ಬೈಯಲಿಲ್ಲ, ನನ್ನನ್ನು ಕೇಳಲೂ ಇಲ್ಲ. ಆದರೆ ಮುಂದಿನ ಭಾನುವಾರದಿಂದ ಪ್ರೊಜೆಕ್ಟರ್ ಮನೆಗೆ ಬರುವುದು ನಿಂತಿತು. ಅಪ್ಪ ಬೆಳಿಗ್ಗೆಯೇ ಬುತ್ತಿ ಕಟ್ಟಿಸಿಕೊಂಡು ಸೈಕಲ್ ಹತ್ತಿ, ಹೂಟಗಳ್ಳಿ, ಕಡಕೊಳ ಎಂದು ಅವಳ ಜೊತೆ ಮನೆಮನೆಯ ಪಟ ನೋಡಲು ಹೋಗತೊಡಗಿದರು. ಅವಳ ಪ್ರಬಂಧವನ್ನು ತಪ್ಪಿಸಲು ಹೋಗಿ ನನ್ನ ಭಾನುವಾರಗಳನ್ನೇ ಕಳೆದುಕೊಂಡೆ. ಸ್ಟೂಲು ನನಗೆ ಮರಳಿ ಸಿಕ್ಕಿತು. ಅದರ ಮೇಲೆ ಕೂತು ಖಾಲಿ ಗೋಡೆ ನೋಡುತ್ತಿದ್ದೆ. ಕೊನೆಗೆ ಅಮ್ಮ ಅಲ್ಲೊಂದು ಮೊಳೆ ಹೊಡೆದು ತನ್ನ ಅಪ್ಪನನ್ನು ತೂಗುಹಾಕಿದಳು. ಯಾರೂ ಬೇಡ ಅನ್ನಲಿಲ್ಲ.

ಸುಧಾಮಣಿ ಬೇರೆ ಊರಿಗೆ ಓದಲು ಹೋದಳು, ಅಲ್ಲಿಯೇ ಮೇಷ್ಟರಾದಳು, ಎಷ್ಟೋ ವರ್ಷದ ಮೇಲೆ ಗಾಜಿನ ಪಟಗಳ ಮೇಲೆ ಪುಸ್ತಕ ಬರೆದಳು. ನಾನು ಮೊದಲು ನೋಡಿದ್ದು ಅರ್ಪಣೆಯ ಪುಟ. "ಕಾದು ಕಲಿಸಿದ ಮೇಷ್ಟರಿಗೆ" ಎಂದಿತ್ತು. ಅಪ್ಪ ಆಗ ಇರಲಿಲ್ಲ. ನಾನೂ ಅದೇ ವಿಷಯ ಓದಿ, ಅದನ್ನೇ ಹೇಳಿಕೊಡುತ್ತಿದ್ದೇನೆ. ಮುಷ್ಟಿ ಮತ್ತು ಉಗುರಿನ ಲೆಕ್ಕ ನನ್ನ ಮೊದಲ ತರಗತಿ. ಎರಡನೆಯ ತರಗತಿಗೆ ಆ ಶಿವ ಪಾರ್ವತಿಯನ್ನು ಬೇಕೆಂದೇ ತಿರುಗಿಸಿ ತೋರಿಸಿ, ಏನು ತಪ್ಪಿದೆ ಹೇಳಿ ಅನ್ನುತ್ತೇನೆ. ಯಾರಾದರೂ ಹಳ್ಳಿಯ ಕಡೆಯ ಮಗು ಮೊದಲು ಹೇಳುತ್ತದೆ. ಆಗ ಅಜ್ಜಿಯ ಕಥೆ ಹೇಳಿ, ಯಾರಿಗೆ ಚಿತ್ರ ಓದಲು ಬರುತ್ತದೆ ಎಂಬುದಕ್ಕೆ ಪುಸ್ತಕ ಸಾಕ್ಷಿಯಲ್ಲ ಅನ್ನುತ್ತೇನೆ. ಒಳ್ಳೆಯ ಪಾಠ. ಅದರಲ್ಲಿ ಪ್ರತಿವರ್ಷ ಒಂದು ವಾಕ್ಯ ಬರುತ್ತದೆ: "ಯಾರೋ ಒಬ್ಬ ವಿದ್ಯಾರ್ಥಿನಿ ಚುಕ್ಕೆ ತಪ್ಪಿಟ್ಟಿದ್ದಳು." ಇಪ್ಪತ್ತು ವರ್ಷ ಹೇಳಿದ್ದೇನೆ, ನಾಲಿಗೆ ಒಮ್ಮೆಯೂ ತೊಡರಲಿಲ್ಲ.

ಇವತ್ತು ಅವಳ ಮಾತು ಮುಗಿದ ಮೇಲೆ ಹುಡುಗರೆಲ್ಲ ಅವಳನ್ನು ಸುತ್ತಿಕೊಂಡರು. ನನ್ನ ಜೊತೆ ಒಂದು ಫೋಟೋ ತೆಗೆಸಿಕೊಳ್ಳದವರು ಅವಳ ಎರಡೂ ಪಕ್ಕ ನಿಂತರು. ನಾನು ಹೂಗುಚ್ಛ ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು.

"ಮೇಡಂ, ಶಿವ ಪಾರ್ವತಿ ಉಲ್ಟಾ ಆಗಿದ್ದ ಕಥೆ ನಿಮಗೆ ಗೊತ್ತಾ? ನಮ್ ಮೇಡಂ ಹೇಳ್ತಾರೆ. ಯಾರೋ ಒಬ್ಳು ಸ್ಟೂಡೆಂಟ್ ಚುಕ್ಕೆ ತಪ್ಪಿಟ್ಬುಟ್ಟಿದ್ಳಂತೆ."

ಸುಧಾಮಣಿ ನನ್ನನ್ನು ನೋಡಲಿಲ್ಲ. ನಕ್ಕಳು. "ಗೊತ್ತು ಕಣಮ್ಮ. ಆ ಸ್ಟೂಡೆಂಟು ನಾನೇ."

ಎಲ್ಲರೂ ಚಪ್ಪಾಳೆ ತಟ್ಟಿದರು. ಆರನೆಯ ಸಲ ಅವಳು ಅದನ್ನು ತನ್ನ ಮೇಲೆ ಹಾಕಿಕೊಂಡಿದ್ದಳು, ಅದಕ್ಕೂ ಅವಳಿಗೆ ಚಪ್ಪಾಳೆ ಬಂತು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಇಬ್ಬರೂ ಅವರೆಕಾಳು ಹಿತುಕಿದೆವು. ಹೆಬ್ಬೆರಳಿಂದ ಒತ್ತಿದರೆ ಬೇಳೆ ಹಾರಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅವಳ ಕೈ ಈಗಲೂ ನನಗಿಂತ ಚುರುಕು. ಅರ್ಧ ಬಟ್ಟಲಾದಾಗ ನಾನು ಹೇಳಿದೆ.

"ಸುಧಕ್ಕ, ಆ ಚುಕ್ಕೆ ಇಟ್ಟಿದ್ದು ನಾನು."

"ಗೊತ್ತು ಕಣೆ."

ಅವಳ ಕೈ ನಿಲ್ಲಲಿಲ್ಲ. ಇನ್ನೊಂದು ಬೇಳೆ ಬಟ್ಟಲಿಗೆ ಬಿತ್ತು.

"ಎಂಗೆ ಗೊತ್ತು ಅಂತ ಕೇಳಲ್ವಾ? ಕಂಬಳಿ ಬಿಚ್ಚಿದ ಮೇಲೆ ನೋಡಿದ್ರೆ ಚುಕ್ಕೆ ಗುಲಾಬಿ ಬಣ್ಣ. ಮೇಷ್ಟ್ರ ಬಾಟ್ಲಿ ಕೆಂಪು, ಅದೂ ನನ್ನ ಚೀಲದಲ್ಲಿತ್ತು. ಆಮೇಲೆ ನೀನು ಮಜ್ಜಿಗೆ ತಂದುಕೊಟ್ಟೆ ನೋಡು, ಲೋಟ ಹಿಡಿದ ಕಿರುಬೆರಳಲ್ಲಿ ಅದೇ ಗುಲಾಬಿ."

ಬಣ್ಣ ಹೇಗಿದೆಯೆಂದು ಮೊದಲು ನನ್ನ ಉಗುರಿಗೇ ಹಚ್ಚಿ ನೋಡಿದ್ದೆ. ಅದು ನನಗೆ ಮರೆತೇ ಹೋಗಿತ್ತು.

"ನೀನು ಅಪ್ಪಂಗೆ ಹೇಳ್ಲಿಲ್ಲ," ಅಂದೆ. ಕೇಳಿದ್ದಲ್ಲ, ಹಾಗೆಂದೇ ಇಷ್ಟು ವರ್ಷ ನಂಬಿದ್ದೆ.

"ನಾನೇನು ಹೇಳೋದು? ಅವರೂ ನೋಡಿದ್ರಲ್ಲ. ಗೇಟಿನ ತಂಕ ಬಂದು ಅಂದ್ರು, ಸುಧಾ, ನಿನ್ನ ಪ್ರಬಂಧ ಹೋಯ್ತು, ಅದು ನಮ್ಮನೆ ತಪ್ಪು, ಆ ಪಟ ಎಲ್ಲಾನೂ ನಿನ್ನ ಜೊತೆ ಬಂದು ನಾನು ನೋಡ್ತೀನಿ. ಮಗೂಗೆ ಮಾತ್ರ ಏನೂ ಅನ್ಬೇಡ. ಅವಳಾಗೇ ಬಂದು ಹೇಳ್ತಾಳೆ, ಕಾಯೋಣ, ಅಂದ್ರು."

ಕಾಯೋಣ. ಒಬ್ಬರು ಕಾಯುವುದಲ್ಲ, ಇಬ್ಬರು. ಅಪ್ಪ ಅದಾದ ಮೇಲೆ ಹದಿನೇಳು ವರ್ಷ ಬದುಕಿದ್ದರು. ನಾನು ಪಾಸಾದಾಗ, ಕೆಲಸಕ್ಕೆ ಸೇರಿದಾಗ, ಆಸ್ಪತ್ರೆಯಲ್ಲಿ ಗಂಜಿ ಕುಡಿಸುವಾಗ, ಅವರು ನನ್ನ ಮುಖ ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದರು. ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ ಇರಬೇಕು. ಆದರೆ ಊರಿಗೆ ಬಂದಾಗಲೆಲ್ಲ ಸುಧಾಮಣಿ ಅವರನ್ನು ನೋಡಲು ಬರುತ್ತಿದ್ದಳು, ಕೋಣೆಯಲ್ಲಿ ಇಬ್ಬರೇ ಕೂರುತ್ತಿದ್ದರು.

"ನನ್ನ ವಿಷಯ ಮಾತಾಡ್ತಿದ್ರಾ?"

"ಬಂದಾಗೆಲ್ಲ ನಾನೇ ಕೇಳ್ತಿದ್ದೆ, ಹೇಳಿದ್ಲಾ ಸಾರ್ ಅಂತ. ಇನ್ನೂ ಇಲ್ಲ ಕಣಮ್ಮ, ಅನ್ನೋರು. ನಗೋರು."

ಹೇಳಿದರೆ ಎದೆ ಹಗುರಾಗುತ್ತದೆ ಅಂತಾರೆ. ನನಗೆ ಹಾಗಾಗಲಿಲ್ಲ. ನಾಚಿಕೆಯಾಯಿತು, ಅಪ್ಪ ಕಾದು ಕಾದು ಹೋದರಲ್ಲ ಎಂದು ಸಂಕಟವಾಯಿತು. ಅವೆರಡರ ಕೆಳಗೆ, ಹನ್ನೊಂದರ ವಯಸ್ಸಿನದೇ ಆದ ಇನ್ನೊಂದು, ಹಾಗೇ ಕೂತಿತ್ತು. ನನ್ನದೆಂದು ನಾನು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ತಪ್ಪನ್ನೂ ಅಪ್ಪ ಅವಳ ಜೊತೆಯಲ್ಲೇ ಇಟ್ಟುಕೊಂಡಿದ್ದರು. ಅಪ್ಪನ ನಗು ಹೇಗಿತ್ತು ಎಂದು ಅವಳನ್ನು ಕೇಳಬೇಕಾಗಿ ಬಂತು. ಕೇಳಿದೆ. ಅವಳು ಕೈ ಒರೆಸಿಕೊಂಡು, ತುಟಿ ಒಂದು ಕಡೆಗೆ ಎಳೆದು, ಕಣ್ಣು ಸಣ್ಣದು ಮಾಡಿ ತೋರಿಸಿದಳು. ಅಪ್ಪನೇ. ತುಟಿ ಎಳೆದದ್ದು ಮಾತ್ರ ಬಲಗಡೆಗೆ.

"ಎಡಗಡೆ ಸುಧಕ್ಕ. ಅಪ್ಪ ಎಡಗಡೆ ನಗ್ತಿದ್ದಿದ್ದು."

ಅವಳು ಇನ್ನೊಂದು ಕಾಳು ಕೈಗೆತ್ತಿಕೊಂಡಳು. "ಹೂಂ ಕಣೆ. ಎದುರಿಗೆ ಕೂತು ನೋಡಿದ್ದಲ್ವಾ ನಾನು. ನೀನು ಪಕ್ಕದಲ್ಲಿ ಕೂತೋಳು."

ರಾತ್ರಿ ಊಟಕ್ಕೆ ಮುದ್ದೆ, ಹಿತುಕಿದ ಬೇಳೆ ಸಾರು, ಒಂದೊಂದು ಅಕ್ಕಿರೊಟ್ಟಿ, ಮಜ್ಜಿಗೆ. ನಮ್ಮ ಮನೆಯವರು ಎರಡು ಸಲ ಸಾರು ಹಾಕಿಸಿಕೊಂಡರು. ಸುಧಾಮಣಿ ತನ್ನ ರೊಟ್ಟಿಯ ಅಂಚು ಮುರಿದು ನನ್ನ ತಟ್ಟೆಗೆ ಹಾಕಿದಳು. ಬೇಡ ಅನ್ನದೆ ತಿಂದೆ. ಒಂಬತ್ತೂವರೆಗೆ ಅಪ್ಪನ ಕೋಣೆಯ ಮಂಚದ ಮೇಲೆ ಅವಳು, ಕೆಳಗೆ ಚಾಪೆಯ ಮೇಲೆ ನಾನು. ಮೊದಲು ನಿದ್ದೆ ಹೋದವಳು ಅವಳೇ.